ಗಡ್ಡೆ ಕಟ್ಟಿಕೊಳ್ಳಿ, ಚೀಟಿ ಬರೆಯಿರಿ

(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಮನೆ ಬದಲಾಯಿಸುವಾಗ ನೀವು ಏನೇನು ಕಟ್ಟಿಕೊಳ್ಳುತ್ತೀರಿ? ಪಾತ್ರೆ, ಹಾಸಿಗೆ, ಟ್ರಂಕು, ದೇವರ ಫೋಟೋ, ರೇಷನ್ ಕಾರ್ಡು. ಒರಳುಕಲ್ಲು ಇದ್ದರೆ ಅದನ್ನೂ ಆಟೋಗೆ ಹಾಕಿಸುತ್ತೀರಿ. ಹಿತ್ತಲಿಗೆ ಬಂದಾಗ ಮಾತ್ರ ಸುಮ್ಮನೆ ನಿಂತು ನೋಡುತ್ತೀರಿ. ಗಿಡಕ್ಕೆ ಒಂದು ಬಿಂದಿಗೆ ನೀರು ಹಾಕಿ ಬಂದುಬಿಡುತ್ತೀರಿ. "ಗಿಡ ಎಲ್ಲಿ ತಗೊಂಡು ಹೋಗೋಕಾಗುತ್ತೆ?" ಅಂತೀರಿ.

ಎಲ್ಲ ಗಿಡವನ್ನೂ ಒಯ್ಯೋಕಾಗಲ್ಲ, ನಿಜ. ಹತ್ತು ವರ್ಷದ ಕರಿಬೇವಿನ ಮರ ಬರುವುದಿಲ್ಲ. ಅದರ ಬುಡದಲ್ಲಿ ಎದ್ದ ಮರಿ ಬರುತ್ತೆ. ಮಲ್ಲಿಗೆಯ ಕಡ್ಡಿ ಬರುತ್ತೆ. ಕನಕಾಂಬರದ ಬೀಜ ಬರುತ್ತೆ. ಆದರೆ ಇವತ್ತು ನಾನು ಮಾತಾಡೋದು ಗಡ್ಡೆ ಗಿಡಗಳ ವಿಚಾರ. ಸುಗಂಧರಾಜ, ಮಳೆ ಲಿಲ್ಲಿ, ಡೇರೆ ಹೂ, ಅರಿಶಿನ, ಸುವರ್ಣಗಡ್ಡೆ, ಮೇ ತಿಂಗಳಲ್ಲಿ ಕೆಂಪು ಚೆಂಡಿನ ಹಾಗೆ ಅರಳುತ್ತಲ್ಲ, ಆ ಹೂವು. ಇವನ್ನೆಲ್ಲ ಒಂದು ಕೈಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಬಹುದು. ನೀರು ಬೇಡ, ಮಣ್ಣು ಬೇಡ, ಕುಂಡ ಬೇಡ.

ಅದು ಹೇಗೆ ಅಂತ ತಿಳಿಯಬೇಕಾದರೆ ಅಡಿಗೆ ಮನೆಗೆ ಹೋಗಿ. ಒಂದು ಈರುಳ್ಳಿ ತಗೊಳ್ಳಿ. ತುದಿಯಿಂದ ಬುಡದವರೆಗೆ ಉದ್ದಕ್ಕೆ ಎರಡು ಹೋಳು ಮಾಡಿ. ಬುಡದಲ್ಲಿ ಒಂದು ಗಟ್ಟಿ ಬಿಲ್ಲೆ ಇದೆ, ನಾವು ಕತ್ತರಿಸಿ ಬಿಸಾಡುತ್ತೀವಲ್ಲ, ಅದು. ಅದೇ ಗಿಡದ ಕಾಂಡ. ಅದರ ಮೇಲೆ ಒಂದರ ಮೇಲೊಂದು ಇರುವ ಪದರಗಳೆಲ್ಲ ಎಲೆಗಳು. ಊಟ ತುಂಬಿಕೊಂಡು ದಪ್ಪಗಾದ ಎಲೆಗಳು. ನಟ್ಟನಡುವೆ ಹಸಿರಾದ ಚಿಕ್ಕ ಮೊಳಕೆ. ಅಂದರೆ ಅದು ಇಡೀ ಗಿಡ. ಬುತ್ತಿ ಕಟ್ಟಿಕೊಂಡು, ಬಾಗಿಲು ಹಾಕಿಕೊಂಡು ಮಲಗಿದೆ. ಮಳೆಗಾಲದಲ್ಲಿ ಬುಟ್ಟಿಯಲ್ಲಿಟ್ಟ ಈರುಳ್ಳಿ ತಾನಾಗೇ ಚಿಗುರುವುದನ್ನು ನೀವೆಲ್ಲ ನೋಡಿದ್ದೀರಿ. ಮಣ್ಣಿಲ್ಲ, ನೀರಿಲ್ಲ, ಆದರೂ ಚಿಗುರುತ್ತೆ. ಬುತ್ತಿ ಬಿಚ್ಚಿತು ಅಂತ ಅರ್ಥ.

ಸುಗಂಧರಾಜದ ಗಡ್ಡೆಯೂ ಹೆಚ್ಚು ಕಡಿಮೆ ಹೀಗೇ. ಅರಿಶಿನ, ಸುವರ್ಣಗಡ್ಡೆಗಳಲ್ಲಿ ಬುತ್ತಿ ಇರೋದು ಎಲೆಯಲ್ಲಲ್ಲ, ಕಾಂಡದಲ್ಲಿ. ಡೇರೆ ಹೂವಿನಲ್ಲಿ ಬೇರಿನಲ್ಲಿ. ಈ ವ್ಯತ್ಯಾಸ ಯಾಕೆ ಹೇಳ್ತೀನಿ ಅಂದರೆ, ಡೇರೆಯ ಬೇರಿನಲ್ಲಿ ಕಣ್ಣು ಇರುವುದಿಲ್ಲ. ಕಣ್ಣು ಇರೋದು ಅದರ ಕುತ್ತಿಗೆಯಲ್ಲಿ, ಹಳೆಯ ಕಾಂಡ ಅಂಟಿಕೊಂಡ ಜಾಗದಲ್ಲಿ. ಕುತ್ತಿಗೆ ಮುರಿದರೆ ಗೆಣಸಿನ ಹಾಗೆ ದಪ್ಪಗಿರುವ ಬೇರು ಮಣ್ಣಲ್ಲೇ ಕೊಳೆಯುತ್ತೆ, ಚಿಗುರುವುದಿಲ್ಲ.

ಈಗ ಒಂದು ಲೆಕ್ಕ ಇಟ್ಟುಕೊಳ್ಳಿ. ಹಿಂದೂಪುರದಲ್ಲಿ ಬಾಡಿಗೆ ಮನೆಯಲ್ಲಿದ್ದ ಒಂದು ಸಂಸಾರ ಕಲ್ಯಾಣದುರ್ಗಕ್ಕೆ ಹೋಗಬೇಕು. ಗಂಡನಿಗೆ ಅಲ್ಲಿ ಕೆಲಸ ಸಿಕ್ಕಿತು ಅನ್ನಿ. ಇಲ್ಲವೇ ಮಗಳನ್ನು ಅಲ್ಲಿಗೆ ಕೊಟ್ಟರು, ಅವಳು ತವರಿನ ಹೂವು ಬೇಕು ಅಂದಳು ಅನ್ನಿ. ಮೊದಲು ಎರಡೂ ಊರು ಅನಂತಪುರ ಜಿಲ್ಲೆಯಲ್ಲೇ ಇದ್ದವು. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ನಡುವೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಪಾವಗಡದ ಮೇಲೆ ಹೋದರೆ ಆಂಧ್ರ ಬಿಟ್ಟು ಕರ್ನಾಟಕ ಹೊಕ್ಕು ಮತ್ತೆ ಆಂಧ್ರಕ್ಕೆ ಬರುತ್ತೀವಿ. ಗಡ್ಡೆಗೆ ಈ ಗಡಿಯೆಲ್ಲ ಗೊತ್ತಾಗಲ್ಲ. ಆದರೆ ಬಿಸಿಲು ಗೊತ್ತಾಗುತ್ತೆ. ಹಿಂದೂಪುರ ಎತ್ತರದ ಊರು, ಸಮುದ್ರಕ್ಕಿಂತ 600 ಮೀಟರಿಗೂ ಮೇಲಿದೆ. ಸಂಜೆಯಾದರೆ ಸ್ವಲ್ಪ ತಂಪು. ಕಲ್ಯಾಣದುರ್ಗ ಅದಕ್ಕಿಂತ ತಗ್ಗು, ಬಿಸಿಲು ಜೋರು.

ಎಷ್ಟೋ ಜನ ಎಡವುವುದು ಇಲ್ಲೇ. ಗಿಡ ಹಸಿರಾಗಿದೆ, ಹೂವು ಬಿಟ್ಟಿದೆ, ಚೆನ್ನಾಗಿದೆ ಅಂತ ಆಗಲೇ ಕೀಳುತ್ತಾರೆ. ದಾರಿಯಲ್ಲಿ ಎಲೆ ಬಾಡುತ್ತೆ. ಹೊಸ ಮನೆಯಲ್ಲಿ ನೆಟ್ಟ ಮೇಲೆ ಒಂದು ವಾರ ಬದುಕಿದ ಹಾಗೆ ಕಾಣುತ್ತೆ, ಆಮೇಲೆ ಕೊಳೆಯುತ್ತೆ. ಗಡ್ಡೆ ಗಿಡ ಚೆನ್ನಾಗಿ ಕಾಣುವಾಗ ಕೀಳಬಾರದು. ಸತ್ತ ಹಾಗೆ ಕಾಣುವಾಗ ಕೀಳಬೇಕು. ಹೂವು ಮುಗಿದ ಮೇಲೂ ಎಲೆ ಬಿಸಿಲಲ್ಲಿ ದುಡಿಯುತ್ತಾ ಇರುತ್ತೆ. ಬುತ್ತಿ ತುಂಬುವ ಕೆಲಸ ಅದರದು. ಎಲೆ ಹಳದಿಯಾಗಿ ಒಣಗಿತು ಅಂದರೆ ಬುತ್ತಿ ತುಂಬಿತು ಅಂತ ತಿಳಿಯಿರಿ. ಅಂದವಾಗಿಲ್ಲ ಅಂತ ಹಸಿರೆಲೆಯನ್ನು ಕುಡುಗೋಲಿನಿಂದ ಸವರಿದರೆ ಮುಂದಿನ ವರ್ಷದ ಹೂವನ್ನೇ ಸವರಿದ ಹಾಗೆ.

ನಮ್ಮ ಸೀಮೆಯಲ್ಲಿ ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ಒಳ್ಳೆಯ ಕಾಲ. ಅರಿಶಿನ ಆಗ ಕೀಳುತ್ತೀವಿ. ಸುವರ್ಣಗಡ್ಡೆಯ ದಂಟು ಅಷ್ಟು ಹೊತ್ತಿಗೆ ಬಿದ್ದುಹೋಗಿರುತ್ತೆ. ಕೆಂಪು ಚೆಂಡಿನ ಹೂವಿನ ಗಿಡಕ್ಕೂ ಎಲೆ ಇರುವುದಿಲ್ಲ. ಸುಗಂಧರಾಜ ಮಾತ್ರ ನಮ್ಮ ಕಡೆ ಪೂರ್ತಿ ಒಣಗುವುದಿಲ್ಲ. ಅದಕ್ಕೆ ಕೀಳುವ ಮುಂಚೆ ಮೂರು ನಾಲ್ಕು ವಾರ ನೀರು ನಿಲ್ಲಿಸಿ. ಮನಸ್ಸಿಗೆ ಕಷ್ಟ ಆಗುತ್ತೆ, ಆದರೂ ನಿಲ್ಲಿಸಿ. ಮಳೆ ಲಿಲ್ಲಿ ಗಟ್ಟಿ ಜೀವ, ಅದನ್ನು ಯಾವಾಗ ಕಿತ್ತರೂ ನಡೆಯುತ್ತೆ.

ಮನೆ ಮಾಲೀಕರು ಆಷಾಢದಲ್ಲಿ ಬಿಡಿ ಅಂದರೆ? ಶ್ರಾವಣದಲ್ಲಿ ಕೆಲಸಕ್ಕೆ ಬಾ ಅಂದರೆ? ಕಾಲ ನಮ್ಮ ಕೈಲಿಲ್ಲ. ಆಗ ಹಸಿ ಗಿಡವನ್ನೇ ಬುಡದ ಹೆಂಟೆ ಸಮೇತ ಎತ್ತಿ. ಎಲೆ ಅರ್ಧ ಕತ್ತರಿಸಿ. ಒದ್ದೆ ಗೋಣಿಯಲ್ಲಿ ಸುತ್ತಿ. ಸಂಜೆ ಹೊತ್ತು ನೆಡಿ. ಆ ವರ್ಷ ಹೂವಿನ ಆಸೆ ಬಿಡಿ. ಗಡ್ಡೆ ಉಳಿದರೆ ಸಾಕು ಅಂದುಕೊಳ್ಳಿ.

ಕೀಳುವಾಗ ಹಾರೆಯನ್ನು ಬುಡಕ್ಕೆ ಹಾಕಬೇಡಿ. ಒಂದು ಗೇಣು ದೂರದಿಂದ ಸುತ್ತಲೂ ಸಡಿಲ ಮಾಡಿ, ಕೈಯಿಂದ ಎತ್ತಿ. ಗಾಯವಾದ ಗಡ್ಡೆಯನ್ನು ಬೇರೆ ಇಡಿ. ಒಂದು ಕೊಳೆತದ್ದು ಇಡೀ ಚೀಲವನ್ನೇ ಕೊಳೆಸುತ್ತೆ. ಮಣ್ಣು ಕೊಡವಿ, ನೆರಳಲ್ಲಿ ಹರಡಿ, ಒಂದು ವಾರ ಆರಿಸಿ. ಬಿಸಿಲಲ್ಲಿ ಬೇಡ.

ಬೇರುಗಳನ್ನು ಒಂದು ಸಲ ಬೆಳಕಿಗೆ ಹಿಡಿದು ನೋಡಿ. ಸಾಸಿವೆಯಷ್ಟು, ಕಡಲೆಯಷ್ಟು ಗಂಟುಗಳು ಕಂಡರೆ ಅದು ಬೇರುಗಂಟು ರೋಗ. ಕಣ್ಣಿಗೆ ಕಾಣದ ಜಂತುಹುಳು ಮಣ್ಣಲ್ಲಿದ್ದು ಅದನ್ನು ತರುತ್ತೆ. ಸುಗಂಧರಾಜಕ್ಕೆ ಅದು ದೊಡ್ಡ ಶತ್ರು. ಟೊಮೆಟೊ, ಬದನೆಯನ್ನೂ ಬಿಡಲ್ಲ. ಹಳೆಯ ಮನೆಯ ಮಣ್ಣು ಒಂದು ಬುಟ್ಟಿ ಒಯ್ಯೋಣ, ಗಿಡಕ್ಕೆ ಅಭ್ಯಾಸ ಇರುತ್ತೆ ಅನ್ನುವವರಿದ್ದಾರೆ. ಬೇಡ. ಹುಳುವೂ ಜೊತೆಗೆ ಬರುತ್ತೆ. ಮಣ್ಣಿನ ಮೇಲೆ ಪ್ರೀತಿ ಇದ್ದರೆ ಒಂದು ಹಿಡಿ ತಗೊಂಡು ದೇವರ ಮನೆಯಲ್ಲಿಡಿ, ಪಾತಿಗೆ ಹಾಕಬೇಡಿ. ಗಂಟು ಇರುವ ಗಡ್ಡೆಯನ್ನು ಒಯ್ಯಲೂಬೇಡಿ, ಯಾರಿಗೂ ಕೊಡಲೂಬೇಡಿ.

ಆರಿದ ಗಡ್ಡೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಬಾರದು, ಬೆವತು ಬೂಸ್ಟು ಹಿಡಿಯುತ್ತೆ. ಹಳೆ ಸೀರೆಯ ತುಂಡು, ಈರುಳ್ಳಿ ತರುವ ಬಲೆ ಚೀಲ, ಇವು ಒಳ್ಳೆಯವು. ಇಲಿಗೆ ಸಿಗದ ಹಾಗೆ ಮೇಲೆ ನೇತು ಹಾಕಿ. ಸುವರ್ಣಗಡ್ಡೆ ಮಾತ್ರ ನೆಲದ ಮೇಲೆ ಒಂದೇ ಸಾಲಾಗಿ ಇರಲಿ, ಒಂದರ ಮೇಲೊಂದು ಹೇರಬೇಡಿ.

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರ್ತೀನಿ. ಸ್ವಲ್ಪ ಗಮನ ಕೊಟ್ಟು ಕೇಳಿ.

ಒಣಗಿದ ಗಡ್ಡೆಗೆ ಮುಖ ಇಲ್ಲ. ತೋಟದಲ್ಲಿರುವಾಗ ಯಾವುದು ಸುಗಂಧರಾಜ, ಯಾವುದು ಮಳೆ ಲಿಲ್ಲಿ ಅಂತ ಎಲೆ ನೋಡಿ, ಹೂವು ನೋಡಿ ಹೇಳ್ತೀವಿ. ಚೀಲದಲ್ಲಿ ಎಲ್ಲವೂ ಕಂದು ಬಣ್ಣ. ಮಳೆ ಲಿಲ್ಲಿಯ ಗಡ್ಡೆ ಸಣ್ಣ ಈರುಳ್ಳಿಯ ಹಾಗೇ ಇರುತ್ತೆ. ಕೆಂಪು ಚೆಂಡಿನ ಹೂವಿನ ಗಡ್ಡೆ ದೊಡ್ಡ ಈರುಳ್ಳಿಯ ಹಾಗೆ. ಅಡಿಗೆಯವರು ಬೇರೆ, ತೋಟದವರು ಬೇರೆ ಆದರೆ ಏನಾಗುತ್ತೆ ಯೋಚನೆ ಮಾಡಿ. ಈ ಎರಡೂ ವಿಷ. ಸಾರಿಗೆ ಹಾಕಿದರೆ ಮನೆಮಂದಿಗೆಲ್ಲ ವಾಂತಿ.

ಅದಕ್ಕಿಂತ ಕೆಟ್ಟದ್ದು ಅಗ್ನಿಶಿಖೆ. ಗೌರಿ ಹೂವು ಅಂತಲೂ ಅಂತಾರೆ, ತೆಲುಗಿನಲ್ಲಿ ಅಡವಿನಾಭಿ. ಬೇಲಿಯ ಮೇಲೆ ಹಬ್ಬಿ, ಕೆಂಪು ಹಳದಿ ಬೆಂಕಿಯ ನಾಲಿಗೆಯ ಹಾಗೆ ಅರಳುತ್ತೆ. ಅಂದ ನೋಡಿ ಎಷ್ಟೋ ಮನೆಯಲ್ಲಿ ಬೆಳೆಸುತ್ತಾರೆ. ತಮಿಳುನಾಡಿನವರು ಅದನ್ನು ತಮ್ಮ ರಾಜ್ಯದ ಹೂವು ಮಾಡಿಕೊಂಡಿದ್ದಾರೆ. ಅಲ್ಲಿನ ರೈತರು ಔಷಧದ ಕಂಪನಿಗಳಿಗೆ ಅದರ ಬೀಜ ಬೆಳೆದು ಮಾರುತ್ತಾರೆ. ಅದರ ಗಡ್ಡೆ ನೇಗಿಲಿನ ಹಾಗೆ ಬಾಗಿರುತ್ತೆ. ಅದಕ್ಕೇ ಸಂಸ್ಕೃತದಲ್ಲಿ ಲಾಂಗಲಿ ಅಂತ ಹೆಸರು, ಲಾಂಗಲ ಅಂದರೆ ನೇಗಿಲು. ನೋಡಿದರೆ ಗೆಣಸು ಅಂದುಕೊಳ್ಳಬೇಕು. ತಿಂದರೆ ಪ್ರಾಣಕ್ಕೇ ಅಪಾಯ. ಬೇಯಿಸಿದರೂ ವಿಷ ಹೋಗುವುದಿಲ್ಲ. ತಿಂದ ತಕ್ಷಣ ಏನೂ ಕಾಣಿಸದೆ ಇರಬಹುದು, ಕೆಲವು ಗಂಟೆ ಕಳೆದ ಮೇಲೆ ವಾಂತಿ ಭೇದಿ ಶುರುವಾಗುತ್ತೆ. ಅಲ್ಲಿಯವರೆಗೆ ಕಾಯಬೇಡಿ. ಮನೆಮದ್ದು ಮಾಡುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಉಳಿದ ಗಡ್ಡೆಯ ತುಂಡನ್ನೂ ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ಡಾಕ್ಟರಿಗೆ ಅದನ್ನು ತೋರಿಸಿ.

ಹೆದರಿಸೋಕೆ ಹೇಳ್ತಿಲ್ಲ. ಹೊಸ ಮನೆಗೆ ಹೋದ ಮೊದಲ ವಾರ ಯಾವ ಚೀಲ ಎಲ್ಲಿದೆ ಅಂತ ನಮಗೇ ಗೊತ್ತಿರುವುದಿಲ್ಲ. ಸಹಾಯಕ್ಕೆ ಬಂದ ನಾದಿನಿ ಒಲೆ ಹಚ್ಚುತ್ತಾಳೆ. ಮಕ್ಕಳು ಚೀಲ ಬಿಚ್ಚುತ್ತಾರೆ. ಅವರಿಗೆ ಏನು ಗೊತ್ತು?

ಅದಕ್ಕೇ ಚೀಟಿ. ಓದು ಬರಹ ಕಲಿತು ಏನು ಮಾಡೋದು, ಬಸ್ಸಿನ ಬೋರ್ಡು ಓದೋಕೆ ಬಂತು, ಸಹಿ ಮಾಡೋಕೆ ಬಂತು, ಇನ್ನೇನು ಅಂತ ಕೆಲವರು ಕೇಳ್ತೀರಿ. ಇಲ್ಲೊಂದು ಕೆಲಸ ಇದೆ. ಹಳೆಯ ಲಗ್ನಪತ್ರಿಕೆ ತಗೊಂಡು ತುಂಡು ಮಾಡಿ. ದಪ್ಪ ಕಾಗದ, ಹಿಂದುಗಡೆ ಬಿಳಿ ಇರುತ್ತೆ. ಪೆನ್ನು ಬೇಡ, ತೇವ ತಗುಲಿದರೆ ಮಸಿ ಹರಡುತ್ತೆ. ಸೀಸದಕಡ್ಡಿಯಲ್ಲಿ ಬರೆಯಿರಿ. ಹೀಗೆ:

ಸುಗಂಧರಾಜ. ಬಿಳಿ. ಒಂದು ಸುತ್ತಿನ ದಳ. ಕಿತ್ತದ್ದು ಸಂಕ್ರಾಂತಿ ಆದ ಮೇಲೆ. ತಿನ್ನಬಾರದು.

ಇಷ್ಟೇ. ಇನ್ನೊಂದಕ್ಕೆ ಇನ್ನೊಂದು ಚೀಟಿ. ಒಂದು ಚೀಟಿ ಚೀಲದ ಒಳಗೆ ಹಾಕಿ, ಒಂದು ಹೊರಗೆ ಕಟ್ಟಿ. ಹೊರಗಿನದು ಹರಿದರೂ ಒಳಗಿನದು ಇರುತ್ತೆ. ಅರಿಶಿನದ ಚೀಲಕ್ಕೂ ಬರೆಯಿರಿ, ಅದರ ಮೇಲೆ "ಬಿತ್ತನೆಗೆ" ಅಂತ ಇರಲಿ, ಇಲ್ಲದಿದ್ದರೆ ಯಾರಾದರೂ ಕುಟ್ಟಿ ಪುಡಿ ಮಾಡಿಬಿಡುತ್ತಾರೆ.

ಕಲ್ಯಾಣದುರ್ಗದ ಮನೆಯಲ್ಲಿ ತೆಲುಗು ಓದುವವರೇ ಹೆಚ್ಚಿದ್ದರೆ ಅವರಿಗೂ ತಿಳಿಯಬೇಕು. "ತಿನ್ನಬಾರದು" ಅನ್ನುವುದಕ್ಕೆ ತೆಲುಗಿನಲ್ಲಿ "ತಿನಕೂಡದು" ಅಂತಾರೆ. ಎರಡು ಲಿಪಿಗಳೂ ಅಕ್ಕ ತಂಗಿ ಇದ್ದ ಹಾಗೆ. ತಲಕಟ್ಟಿನಲ್ಲಿ ಸ್ವಲ್ಪ ಬೇರೆ, ಉಳಿದಂತೆ ಎಷ್ಟೋ ಅಕ್ಷರ ಒಂದೇ. ಮನೆಯಲ್ಲಿ ಶಾಲೆಗೆ ಹೋಗುವ ಮಗು ಇದ್ದರೆ ಅದರ ಕೈಲಿ ಕೆಳಗೆ ತೆಲುಗಿನಲ್ಲೂ ಬರೆಸಿ. ಹೆಸರನ್ನೂ ಎರಡೂ ಭಾಷೆಯಲ್ಲಿ ಬರೆಯುವುದು ಒಳ್ಳೆಯದು. ನಮ್ಮ ಸುಗಂಧರಾಜವನ್ನು ತೆಲುಗಿನವರು ನೇಲಸಂಪೆಂಗ ಅಂತಾರೆ, ಹೂವಿನ ಅಂಗಡಿಯಲ್ಲಿ ಕೆಲವರು ಬರೀ ಲಿಲ್ಲಿ ಅಂತಾರೆ. ಹೂವು ಒಂದೇ, ಹೆಸರು ಮೂರು.

ಹೀಗೆ ಗಡ್ಡೆ ಹೊತ್ತುಕೊಂಡು ಮನೆ ಬದಲಾಯಿಸಿದವರು ನಾವು ಮೊದಲಿಗರಲ್ಲ. ಯುರೋಪಿನಲ್ಲಿ ಕ್ಲೂಸಿಯಸ್ ಅನ್ನುವ ಒಬ್ಬ ಸಸ್ಯ ಪಂಡಿತ ಇದ್ದ. 1593ರಲ್ಲಿ, ಮುದಿ ವಯಸ್ಸಿನಲ್ಲಿ, ಹಾಲೆಂಡ್ ದೇಶದ ಲೈಡನ್ ಊರಿನ ವಿಶ್ವವಿದ್ಯಾಲಯಕ್ಕೆ ಕೆಲಸಕ್ಕೆ ಬಂದ. ತನ್ನ ಗಡ್ಡೆಗಳನ್ನೂ ತಂದಿದ್ದ. ಅದರಲ್ಲಿ ಟುಲಿಪ್ ಇತ್ತು. 1594ರ ವಸಂತದಲ್ಲಿ ಅಲ್ಲಿ ಆ ಹೂವು ಅರಳಿತು. ಇವತ್ತು ಹಾಲೆಂಡ್ ಅಂದರೆ ಟುಲಿಪ್, ಟುಲಿಪ್ ಅಂದರೆ ಹಾಲೆಂಡ್ ಅಂತ ಲೋಕವೆಲ್ಲ ಅನ್ನುತ್ತೆ. ನಮ್ಮ ಸುಗಂಧರಾಜವೂ ಇಲ್ಲಿನದಲ್ಲ. ಅದರ ತವರು ಸಮುದ್ರದಾಚೆಯ ಮೆಕ್ಸಿಕೋ ದೇಶ. ಈಗ ಅದು ಇಲ್ಲದೆ ನಮ್ಮಲ್ಲಿ ಮದುವೆ ಹಾರವೇ ಆಗುವುದಿಲ್ಲ.

ಟುಲಿಪ್ ಅಂದೆ. ಈಗ ಮೊಬೈಲಿನಲ್ಲಿ ಬಣ್ಣಬಣ್ಣದ ಚಿತ್ರ ತೋರಿಸಿ ಅದರ ಗಡ್ಡೆ ಮಾರುತ್ತಾರೆ. ನನ್ನನ್ನು ಕೇಳಿದರೆ ಕೊಳ್ಳಬೇಡಿ. ಆ ಗಡ್ಡೆ ಏಳಬೇಕಾದರೆ ಮೂರು ತಿಂಗಳು ಒಳ್ಳೆಯ ಚಳಿ ಬೇಕು. ಕಾಶ್ಮೀರದ ಶ್ರೀನಗರದಲ್ಲಿ 2007ರಲ್ಲಿ ದೊಡ್ಡ ಟುಲಿಪ್ ತೋಟ ತೆರೆದರು. ಅಲ್ಲಿ ಹಿಮ ಬೀಳುತ್ತೆ, ಹೂವು ಬರುತ್ತೆ. ನಮ್ಮ ಕಲ್ಯಾಣದುರ್ಗದ ಚಳಿ ಕಂಬಳಿಗೂ ಸಾಲದು. ಫ್ರಿಜ್ಜಿನಲ್ಲಿಟ್ಟು ಒಂದು ವರ್ಷ ಅರಳಿಸಬಹುದು, ಆದರೆ ಮರುವರ್ಷ ಆ ಗಡ್ಡೆ ಸೊರಗಿ ಹೋಗುತ್ತೆ. ನಮಗೆ ಚಳಿ ಎಬ್ಬಿಸುವ ಹೂವು ಬೇಡ, ಮಳೆ ಎಬ್ಬಿಸುವ ಹೂವು ಬೇಕು. ಒಣ ನೆಲದ ಮೇಲೆ ಮೊದಲ ಮಳೆ ಬಿದ್ದು ಕೆಲವೇ ದಿನಕ್ಕೆ ಮಳೆ ಲಿಲ್ಲಿ ಸಾಲಾಗಿ ಎದ್ದು ನಿಲ್ಲುತ್ತಲ್ಲ, ನಮ್ಮ ವಸಂತ ಅದೇ.

ಹೊಸ ಊರಿಗೆ ಹೋದ ತಕ್ಷಣ ನೆಡುವ ಆತುರ ಬೇಡ. ಸುಗಂಧರಾಜದ ಗಡ್ಡೆಗೆ ಒಂದು ತಿಂಗಳಾದರೂ ನಿದ್ದೆ ಇರಲಿ. ಅಷ್ಟರಲ್ಲಿ ಜಾಗ ನೋಡಿ. ಬಚ್ಚಲ ನೀರು ಎಲ್ಲಿ ಹರಿಯುತ್ತೆ, ಮಧ್ಯಾಹ್ನದ ಬಿಸಿಲು ಯಾವ ಗೋಡೆಗೆ ಹೊಡೆಯುತ್ತೆ ಅಂತ ನೋಡಿ. ಕೆಮ್ಮಣ್ಣು ಇದ್ದರೆ ತಿಪ್ಪೆಗೊಬ್ಬರ ಬೆರೆಸಿ, ಅದಕ್ಕೆ ನೀರು ಹಿಡಿದಿಡುವ ಶಕ್ತಿ ಕಡಿಮೆ. ಎರೆಮಣ್ಣು ಇದ್ದರೆ ಏರು ಮಡಿ ಮಾಡಿ, ಇಲ್ಲದಿದ್ದರೆ ನೀರು ನಿಂತು ಗಡ್ಡೆ ಕೊಳೆಯುತ್ತೆ. ಕೊಳವೆ ಬಾವಿಯ ನೀರು ಹಾಕಿದ ಕಡೆ ಬಿಳಿ ಪುಡಿ ಕಟ್ಟಿದರೆ ಅದು ಉಪ್ಪು ನೀರು. ಅಂಥ ಕಡೆ ಮಳೆಯನ್ನೇ ನಂಬಿ, ಜೂನ್ ಜುಲೈನಲ್ಲಿ ನೆಡಿ. ನಮ್ಮ ಸೀಮೆಯಲ್ಲಿ ಮಳೆ ಹೆಚ್ಚು ಬರೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಷ್ಟು ಹೊತ್ತಿಗೆ ಗಡ್ಡೆ ಬೇರು ಬಿಟ್ಟಿರುತ್ತೆ.

ಗಡ್ಡೆಯ ಚೂಪು ತುದಿ ಮೇಲೆ, ಬಿಲ್ಲೆ ಕೆಳಗೆ. ಒಂದೊಂದರ ನಡುವೆ ಒಂದು ಗೇಣು ಜಾಗ. ಮೇಲೆ ಎರಡು ಮೂರು ಬೆರಳು ಮಣ್ಣು. ಎರಡು ಸೆಂಟಿಮೀಟರಿಗಿಂತ, ಅಂದರೆ ಹೆಬ್ಬೆರಳಿಗಿಂತ ದಪ್ಪ ಇರುವ ಗಡ್ಡೆ ನೆಟ್ಟರೆ ಮೂರು, ಮೂರೂವರೆ ತಿಂಗಳಿಗೆ ಹೂವು. ಸಣ್ಣವು ಆ ವರ್ಷ ಹೂ ಬಿಡದೆ ಇರಬಹುದು, ಬೇರೆ ಪಾತಿಯಲ್ಲಿ ಬೆಳೆಸಿ. ಒಂದು ಗಡ್ಡೆ ಒಂದೇ ಸಲ ಹೂವು ಕೊಡುತ್ತೆ. ಆಮೇಲೆ ಅದರ ಸುತ್ತ ಹುಟ್ಟಿದ ಮರಿಗಳ ಸರದಿ. ಎರಡು ಮೂರು ವರ್ಷಕ್ಕೆ ಒಂದು ಗುಂಪಿನಲ್ಲಿ ಮರಿ ತುಂಬಿ ಇಕ್ಕಟ್ಟಾಗುತ್ತೆ, ಆಗ ಕಿತ್ತು ಬಿಡಿಸಲೇಬೇಕು.

ಸುತ್ತ ಒಂದು ಸಾಲು ಚೆಂಡು ಹೂವು ಹಾಕಿ. ಅದರ ಬೇರು ಜಂತುಹುಳುವನ್ನು ಕಡಿಮೆ ಮಾಡುತ್ತೆ, ಹೂವೂ ಸಿಗುತ್ತೆ. ನಾಲ್ಕು ಕಾಸು ನೋಡಬೇಕು ಅನ್ನುವವರು ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ತಳಿಗಳನ್ನು ವಿಚಾರಿಸಿ. ಶೃಂಗಾರ, ಪ್ರಜ್ವಲ್ ಅನ್ನುವವು ಒಂದು ಸುತ್ತಿನ ದಳದವು, ಬಿಡಿ ಹೂವಿಗೆ, ಹಾರಕ್ಕೆ ಒಳ್ಳೆಯವು. ಸುವಾಸಿನಿ ಅನ್ನುವುದಕ್ಕೆ ದಳ ಹೆಚ್ಚು, ಅದನ್ನು ಕಡ್ಡಿ ಸಮೇತ ಹೂದಾನಿಗೆ ಮಾರುತ್ತಾರೆ. ಹಾರ ಕಟ್ಟುವವರ ಊರಲ್ಲಿ ಸುವಾಸಿನಿ ಬೆಳೆದು ಕೂತರೆ ಗಿರಾಕಿ ಹುಡುಕುತ್ತಾ ಅಲೆಯಬೇಕು. ತಳಿಯ ಹೆಸರನ್ನೂ ಚೀಟಿಯಲ್ಲಿ ಬರೆದಿಡಿ.

ಹೊರಡುವ ಮುಂಚೆ ಇನ್ನೊಂದು ಕೆಲಸ. ಗಡ್ಡೆಗಳನ್ನೆಲ್ಲ ನೀವೇ ಒಯ್ಯಬೇಡಿ. ನೆಲ ಮಾಲೀಕರದು, ಅವರನ್ನು ಒಂದು ಮಾತು ಕೇಳಿ, ಅವರ ಹಿತ್ತಲಲ್ಲಿ ಒಂದು ಪಾಲು ಬಿಡಿ. ಪಕ್ಕದ ಮನೆಯವರಿಗೆ ಒಂದು ಪಾಲು ಕೊಡಿ. ಇದರಲ್ಲಿ ಲೆಕ್ಕವೂ ಇದೆ. ಹೊಸ ಊರಿನ ನೀರು ಆಗದೆ ನಿಮ್ಮ ಗಡ್ಡೆ ಹೋಯಿತು ಅನ್ನಿ. ಮುಂದಿನ ಸಂಕ್ರಾಂತಿಗೆ ಬಂದು "ಅಕ್ಕಾ, ನಾಲ್ಕು ಗಡ್ಡೆ ಕೊಡು" ಅಂತ ಕೇಳಬಹುದು. ಎಲ್ಲ ಒಯ್ದಿದ್ದರೆ ಯಾರನ್ನು ಕೇಳ್ತೀರಿ? ಅವರಿಗೆ ಕೊಡುವಾಗಲೂ ಚೀಟಿ ಬರೆದೇ ಕೊಡಿ. ಅಗ್ನಿಶಿಖೆಯನ್ನು ಮಾತ್ರ ಸಣ್ಣ ಮಕ್ಕಳಿರುವ ಮನೆಗೆ ಕೊಡಬೇಡಿ, ನಿಮ್ಮ ಮನೆಯಲ್ಲೂ ಸಣ್ಣ ಮಕ್ಕಳಿದ್ದರೆ ಅದನ್ನು ಅಲ್ಲೇ ಬೇಲಿಯಲ್ಲಿ ಬಿಟ್ಟು ಹೋಗಿ.

ಕೆಂಪು ಚೆಂಡಿನ ಹೂವು ಮೊದಲ ವರ್ಷ ಹೊಸ ಮನೆಯಲ್ಲಿ ಬರದೆ ಹೋಗಬಹುದು. ಅದಕ್ಕೆ ಜಾಗ ಬದಲಾಯಿಸಿದರೆ ಮುನಿಸು. ಎಲೆ ಮಾತ್ರ ಬಂದು, ಬೇಸಿಗೆ ಕಳೆದು, ಎಲೆಯೂ ಒಣಗಿ ಹೋಗುತ್ತೆ. ಸತ್ತಿತು ಅಂತ ಅಗೆದು ನೋಡಬೇಡಿ. ನೆಟ್ಟ ಜಾಗಕ್ಕೆ ಒಂದು ಕಡ್ಡಿ ಚುಚ್ಚಿ, ಆ ಚೀಟಿಯನ್ನೇ ಅದಕ್ಕೆ ಕಟ್ಟಿ. ಇಲ್ಲದಿದ್ದರೆ ನೀವೇ ಮರೆತು ಅಲ್ಲಿ ಮೆಣಸಿನ ಸಸಿ ನೆಡೋಕೆ ಗುದ್ದಲಿ ಹಾಕ್ತೀರಿ.